ಗೀಜರ್ ಹಚ್ಚಿದ್ರ ಬಚ್ಚಲದ ಬಲ್ಬ್ ಮಂದ, ಹಾಲ್‌ನ್ಯಾಗ ಫ್ಯಾನ್ ಜೋರ. ಏನ್ರಿ ಇದು?

ಮಾಳಮಡ್ಡಿ ಮಾಮಾ

ನಮಸ್ಕಾರ್ರಿ ಎಲ್ಲಾರಿಗೂ. ಧಾರವಾಡದಾಗ ನಮ್ಮದು ಹಳೇ ಮನಿ. ಮ್ಯಾಲೆ ಎರಡು ಖೋಲಿ ಏರಿಸಿದಾಗ ಮೂರು ಫೇಸ್ ಕನೆಕ್ಷನ್ ತಗೊಂಡ್ವಿ. ಒಂದನೇ ಫೇಸಿನ ಮ್ಯಾಲೆ ಅಡಗಿಮನಿ, ಬಚ್ಚಲ, ಗೀಜರ್. ಎರಡನೇದರ ಮ್ಯಾಲೆ ಹಾಲ್ ಮತ್ತ ಮಲಗೂ ಖೋಲಿ. ಮೂರನೇದು ಮ್ಯಾಲಿನ ಖೋಲಿಗೆ, ಅಲ್ಲಿ ಸದ್ಯ ಯಾರೂ ಇಲ್ಲ.

ಮಳಿ ಹತ್ತಿದಾಗಿಂದ ಒಂದು ವಿಚಿತ್ರ ನಡದೈತಿ. ಮುಂಜಾನೆ ಗೀಜರ್ ಹಚ್ಚಿದ ಕೂಡ್ಲೆ ಬಚ್ಚಲದ ಗುಂಡು ಬಲ್ಬ್ ಮಂದ ಆಗತೈತಿ. ಅದೇನೋ ತಿಳೀತು ಅನ್ನೋಣು, ಗೀಜರ್ ಭಾಳ ಎಳಕೊಂತೈತಿ. ಆದ್ರ ಅದ ಹೊತ್ತಿಗೆ ಹಾಲ್‌ನ್ಯಾಗಿನ ಫ್ಯಾನ್ ಜೋರ ಹಿಡೀತೈತಿ, ದೇವರ ಮುಂದಿನ ಬಲ್ಬ್ ಕಣ್ಣು ಕುಕ್ಕೂವಂಗ ಉರೀತೈತಿ. ಗೀಜರ್ ಬಂದ್ ಮಾಡಿದ್ರ ಎಲ್ಲಾ ಮೊದಲಿನಂಗ.

ವೈರ್‌ಮನ್ ಒಬ್ಬಾಂವ ಬಂದು ಟೆಸ್ಟರ್ ಹಚ್ಚಿ ನೋಡಿ, "ಮೂರೂ ಫೇಸ್ ಬರಾಕತ್ಯಾವು, ಲೋ ವೋಲ್ಟೇಜ್ ಐತಿ, ಸ್ಟೆಬಿಲೈಜರ್ ತಗೋರಿ" ಅಂದು ರೊಕ್ಕ ಇಸ್ಕೊಂಡು ಹೋದ. ಲೋ ವೋಲ್ಟೇಜ್ ಆದ್ರ ಎಲ್ಲಾ ಕಡೆ ಕಡಿಮಿ ಆಗಬೇಕಲ್ರಿ? ಒಂದು ಕಡೆ ಇಳದು ಇನ್ನೊಂದು ಕಡೆ ಏರೂದು ಹೆಂಗ?

ಕೇಶ್ವಾಪುರ ಕಟ್ಟಿ

ಮುಂಜಾನೆ ಎಲ್ಲಾ ಮನ್ಯಾಗ ಗೀಜರ್ ಹತ್ತತಾವ್ರಿ, ವೋಲ್ಟೇಜ್ ಹೊಯ್ದಾಡೂದು ಸಹಜ. ನಮ್ಮ ಓಣ್ಯಾಗೂ ಇದ ಹಾಡು. ಮೇನ್ ಲೈನಿಗೇ ಒಂದು ಸ್ಟೆಬಿಲೈಜರ್ ಹಾಕಿಸಿಬಿಡ್ರಿ.

ರೊಟ್ಟಿ ಪಲ್ಯ

ಫ್ಯಾನ್ ಜೋರ ತಿರಗತೈತಿ ಅಂತ ತಕರಾರ ಮಾಡೂ ಮಂದೀನ ಇವತ್ತ ನೋಡಿದೆ 😂 ಮಾಮಾ, ಗದಗಕ್ಕ ಬಂದುಬಿಡ್ರಿ. ಕಪ್ಪತಗುಡ್ಡದ ಗಾಳಿಯಂತ್ರದ ಪಂಖಾ ನೋಡಿದ್ರ ನಿಮ್ಮದು ಏನೂ ಅಲ್ಲ ಅನಸ್ತೈತಿ.

ವೈರ್‌ಮನ್ ಕಾಕಾ, ಹಳೇ ಹುಬ್ಬಳ್ಳಿ

ಮಾಮಾ, ನಗಿಚಾಟಿಕಿ ಆಮ್ಯಾಲೆ. ಮೊದಲು ಎದ್ದು ಹೋಗಿ ಮೇನ್ ಸ್ವಿಚ್ ಬಂದ್ ಮಾಡ್ರಿ. ಟಿವಿ, ಫ್ರಿಜ್, ಚಾರ್ಜರ್ ಎಲ್ಲಾ ಪ್ಲಗ್ ಕೀಳ್ರಿ. ಆಮ್ಯಾಲೆ 1912ಕ್ಕ ಫೋನ್ ಮಾಡಿ "ನ್ಯೂಟ್ರಲ್ ಲೂಜ್ ಆಗೇದ, ವೋಲ್ಟೇಜ್ ಏರಾಕತ್ತೇದ" ಅಂತ ಇದ ಶಬ್ದದಾಗ ಹೇಳ್ರಿ. "ಲೋ ವೋಲ್ಟೇಜ್" ಅಂದ್ರ ಯಾರೂ ಅವಸರ ಮಾಡೂದಿಲ್ಲ.

ನಿಮ್ಮದು ಲೋ ವೋಲ್ಟೇಜ್ ಅಲ್ಲ. ಮೂರು ಫೇಸ್ ಮನ್ಯಾಗ ಒಂದು ಕಡೆ ಮಂದ, ಇನ್ನೊಂದು ಕಡೆ ಜೋರ ಅಂದ್ರ ನ್ಯೂಟ್ರಲ್ ಹೋಗೂ ಹಾದ್ಯಾಗ ಎಲ್ಲೋ ಸಡಲ ಆಗೇದ ಅಂತನ ಅರ್ಥ. ಪೂರ್ತಿ ಕಿತ್ತು ಬಿತ್ತಂದ್ರ ಹಾಲ್‌ನ್ಯಾಗಿನ ಸಾಮಾನು ಒಂದೂ ಉಳ್ಯಾಂಗಿಲ್ಲ.

ಮಾಳಮಡ್ಡಿ ಮಾಮಾ

ಕಾಕಾ, ಮೇನ್ ಬಂದ್ ಮಾಡೀನಿ, ಫೋನಿನ ಬ್ಯಾಟರಿ ಮ್ಯಾಲೆ ಬರ್ಯಾಕತ್ತೀನಿ. 1912ಕ್ಕ ಹೇಳೀನಿ, ಮಧ್ಯಾಹ್ನ ಲೈನ್‌ಮನ್ ಬರ್ತಾರಂತ. ಒಂದು ಸಂಶಯ. ಕರೆಂಟ್ ಬರೂದು ಫೇಸಿನ್ಯಾಗ. ನ್ಯೂಟ್ರಲ್ ಅಂದ್ರ ಖಾಲಿ ವೈರ್ ಅಲ್ಲೇನು? ಟೆಸ್ಟರ್ ಹಚ್ಚಿದ್ರ ಅದು ಹತ್ತೂದ ಇಲ್ಲ. ಏನೂ ಇಲ್ಲದ ವೈರ್ ಸಡಲ ಆದ್ರ ಇಷ್ಟು ರಾದ್ಧಾಂತ ಯಾಕ?

ಗದಗ ಗಣಿತ-ವಿಜ್ಞಾನ ಟೀಚರ್

ಮಾಮಾ ಅವರ, ನೀವು ಕೇಳಿದ್ದನ್ನ ನಮ್ಮ ಹತ್ತನೇ ಇಯತ್ತೆಯ ಹುಡುಗರು ವರ್ಷಾ ಕೇಳ್ತಾರ. ನ್ಯೂಟ್ರಲ್ ಖಾಲಿ ವೈರ್ ಅಲ್ಲ. ಒಂದ ಫೇಸಿನ ಮ್ಯಾಲೆ ನಡ್ಯೂ ಸಾಮಾನಿಗೆ ಫೇಸಿನ್ಯಾಗ ಎಷ್ಟು ಕರೆಂಟ್ ಹರೀತದೋ ಅಷ್ಟೂ ನ್ಯೂಟ್ರಲ್‌ನ್ಯಾಗ ಹರೀತದ.

60 ವ್ಯಾಟಿನ ಬಲ್ಬ್ ತಗೋರಿ. 60 ಭಾಗಿಸು 230, ಸುಮಾರು 0.26 ಆಂಪಿಯರ್. ಬಲ್ಬಿನ ಒಂದು ತುದಿಗೆ 0.26 ಆಂಪಿಯರ್ ಹೊಕ್ಕರ ಇನ್ನೊಂದು ತುದಿಯಿಂದ 0.26 ಆಂಪಿಯರೇ ಹೊರಬೀಳ್ತದ. ಬಲ್ಬ್ ಕರೆಂಟನ್ನ "ತಿನ್ನೂದಿಲ್ಲ". ಖರ್ಚಾಗೂದು ಶಕ್ತಿ, ಕರೆಂಟ್ ಅಲ್ಲ. ಒಂದು ಜಾಗಕ್ಕ ಬಂದಷ್ಟು ಕರೆಂಟ್ ಅಲ್ಲಿಂದ ಹೋಗಲೇಬೇಕು ಅಂತ ಕಿರ್ಚಾಫ್ 1845ರಾಗ, ಇನ್ನೂ ವಿದ್ಯಾರ್ಥಿ ಇದ್ದಾಗ, ಬರದಿಟ್ಟ.

ಹಂಗಾರ ಟೆಸ್ಟರ್ ಯಾಕ ಹತ್ತೂದಿಲ್ಲ? ಟೆಸ್ಟರ್ ಕರೆಂಟ್ ಅಳ್ಯೂದಿಲ್ಲ. ಆ ವೈರಿಗೂ ನೆಲಕ್ಕೂ ನಡುವ ವೋಲ್ಟೇಜ್ ಐತೋ ಇಲ್ಲೋ ಅಷ್ಟ ನೋಡ್ತದ. ಟಿಸಿ (ಓಣಿಯ ಟ್ರಾನ್ಸ್‌ಫಾರ್ಮರ್) ಹತ್ರ ನ್ಯೂಟ್ರಲ್‌ನ್ನ ಭೂಮಿಗೆ ಜೋಡಿಸಿರ್ತಾರ. ಅದಕ್ಕ ನೆಲಕ್ಕೂ ಅದಕ್ಕೂ ಅಂತರ ಹೆಚ್ಚುಕಡಿಮಿ ಸೊನ್ನೆ. ವೋಲ್ಟೇಜ್ ಸೊನ್ನೆ ಇದ್ರೂ ಅದರಾಗ ಕರೆಂಟ್ ಧಾರಾಳ ಹರೀತಿರ್ತದ.

ಬ್ಯಾಡಗಿ ಖಾರ

ಟೀಚರ್, ನಮಗ ಸಾಲ್ಯಾಗ ನೀರಿನ ಟಾಕಿ ಉದಾಹರಣಿ ಹೇಳಿದ್ರು. ಟಾಕಿ ಎಷ್ಟು ಎತ್ತರ ಐತೋ ಅದು ವೋಲ್ಟೇಜ್, ಪೈಪಿನ್ಯಾಗ ಹರಿಯೂ ನೀರು ಕರೆಂಟ್, ಸಣ್ಣ ಪೈಪ್ ಅಂದ್ರ ರೆಸಿಸ್ಟನ್ಸ್. ಇಷ್ಟು ಸರಳ ಐತಿ.

ಕ್ಯಾತೆ ಕಾಂತ್ಯಾ

ಸರಳ ಐತಿ, ಆದ್ರ ತಪ್ಪು ದಾರಿಗೆ ಒಯ್ತೈತಿ. ಪೈಪ್ ಕತ್ತರಿಸಿದ್ರ ನೀರು ಸೋರ್ತೈತಿ. ವೈರ್ ಕತ್ತರಿಸಿದ್ರ ಕರೆಂಟ್ ಸೋರೂದಿಲ್ಲ, ನಿಂತುಬಿಡತೈತಿ. ನೀರು ನಲ್ಯಾಗಿಂದ ಬಂದು ಗಟಾರಕ್ಕ ಹೋತು, ಮುಗೀತು. ಕರೆಂಟ್ ಹಂಗಲ್ಲ, ಹೊಂಟಲ್ಲಿಗೆ ಮುಟ್ಟಬೇಕು. ಈ ಟಾಕಿ ಕತಿ ಕೇಳಿ ಕೇಳೇ ಮಂದಿ ನ್ಯೂಟ್ರಲ್ ಅಂದ್ರ ಗಟಾರ ಅಂತ ತಿಳಕೊಂಡಾರ.

ಬ್ಯಾಡಗಿ ಖಾರ

ಲೇ ಕಾಂತ್ಯಾ, ಐದನೇ ಇಯತ್ತೆ ಹುಡುಗಗ ನೀ ಕಿರ್ಚಾಫ್ ಕಲಸು ಹೋಗು, ನೋಡೋಣ.

ವಿದ್ಯಾನಗರ ಸೋಲ್ಡರ್

ಜಗಳ ಬಿಡ್ರಪಾ. ಮಾಮಾರ ಮೊದಲನೇ ಪ್ರಶ್ನೆಗೆ ಲೆಕ್ಕದಾಗ ಉತ್ತರ ಹೇಳ್ತೀನಿ, ಯಾಕಂದ್ರ ಇದರಾಗನ ಮಜಾ ಇರೂದು.

ಗೀಜರ್ 2000 ವ್ಯಾಟ್ ಅನ್ನೋಣ. ಅದರ ರೆಸಿಸ್ಟನ್ಸ್ 230 ಗುಣಸು 230 ಭಾಗಿಸು 2000, ಅಂದ್ರ 26.45 ಓಮ್. ಹಾಲ್‌ನ್ಯಾಗ ಫ್ಯಾನ್, ಟಿವಿ, ಬಲ್ಬ್ ಎಲ್ಲಾ ಕೂಡಿ 200 ವ್ಯಾಟ್ ಅಂತ ಹಿಡದ್ರ ಹತ್ತು ಪಟ್ಟು, ಅಂದ್ರ 264 ಓಮ್. ಮ್ಯಾಲಿನ ಖೋಲ್ಯಾಗ ಏನೂ ಹಚ್ಚಿಲ್ಲ.

ನ್ಯೂಟ್ರಲ್ ಸರಿ ಇದ್ದಾಗ ಗೀಜರ್ ತನ್ನ ಪಾಡಿಗೆ ಒಂದನೇ ಫೇಸಿನಿಂದ ನ್ಯೂಟ್ರಲ್‌ಗೆ, ಹಾಲ್ ತನ್ನ ಪಾಡಿಗೆ ಎರಡನೇ ಫೇಸಿನಿಂದ ನ್ಯೂಟ್ರಲ್‌ಗೆ. ಇಬ್ಬರಿಗೂ 230. ಒಬ್ಬರ ಗೊಡವಿ ಇನ್ನೊಬ್ಬರಿಗಿಲ್ಲ.

ನ್ಯೂಟ್ರಲ್ ಕಡೀತು ಅನ್ರಿ. ಗೀಜರ್‌ನಿಂದ ಹೊರಬಿದ್ದ ಕರೆಂಟಿಗೆ ವಾಪಸ್ ಹೋಗಾಕ ಹಾದಿ ಇಲ್ಲ. ಇರೂದು ಒಂದ ಹಾದಿ. ಮನ್ಯಾಗಿನ ನ್ಯೂಟ್ರಲ್ ಪಟ್ಟಿಯಿಂದ ಹಾಲ್‌ನ ಸಾಮಾನಿನೊಳಗ ಹೊಕ್ಕು ಎರಡನೇ ಫೇಸಿಗೆ ಹೋಗೂದು. ಅಂದ್ರ ಗೀಜರ್ ಮತ್ತ ಹಾಲ್ ಈಗ ಸೀರೀಸ್, ಒಂದರ ಹಿಂದ ಒಂದು. ಎರಡು ಫೇಸಿನ ನಡುವ 230 ಅಲ್ಲ, ಸುಮಾರು 400 ವೋಲ್ಟ್. ಸೀರೀಸ್‌ನ್ಯಾಗ ರೆಸಿಸ್ಟನ್ಸ್ ಹೆಚ್ಚಿದ್ದವಗ ವೋಲ್ಟೇಜ್ ಹೆಚ್ಚು. 400ರ 11 ಪಾಲು ಮಾಡಿದ್ರ ಗೀಜರ್‌ಗೆ ಒಂದು ಪಾಲು, 36 ವೋಲ್ಟ್. ಹಾಲ್‌ಗೆ ಹತ್ತು ಪಾಲು, 364 ವೋಲ್ಟ್.

ಟಿವಿಗೆ 364. ಸದ್ಯ ನಿಮ್ಮದು ಪೂರ್ತಿ ಕಡದಿಲ್ಲ, ಸಡಲ ಅಷ್ಟ ಆಗೇದ. ಅದಕ್ಕ ಟಿವಿ ಇನ್ನೂ ಜೀವಂತ ಐತಿ.

ಕೇಶ್ವಾಪುರ ಕಟ್ಟಿ

ಅಷ್ಟು ವೋಲ್ಟೇಜ್ ಬಂದ್ರ ಎಂಸಿಬಿ (ಬೋರ್ಡಿನ್ಯಾಗ ತಾನ ಬೀಳೂ ಸ್ವಿಚ್) ಬೀಳೂದಿಲ್ಲೇನ್ರಿ? ಮತ್ಯಾಕ ಹಾಕಸಬೇಕು ಅವನ್ನ?

ವಿದ್ಯಾನಗರ ಸೋಲ್ಡರ್

ಬೀಳೂದಿಲ್ಲ. ಎಂಸಿಬಿ ನೋಡೂದು ಕರೆಂಟ್ ಅಷ್ಟ. ಮ್ಯಾಲಿನ ಲೆಕ್ಕದಾಗ ಕರೆಂಟ್ 400 ಭಾಗಿಸು 291, ಸುಮಾರು 1.4 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕ ಇಲ್ಲ. ಆರ್‌ಸಿಸಿಬಿನೂ ಬೀಳೂದಿಲ್ಲ. ಅದು ಹೋದ ಕರೆಂಟಿಗೂ ಬಂದ ಕರೆಂಟಿಗೂ 30 ಮಿಲಿಆಂಪಿಯರ್ ಫರಕ್ ಬಂದ್ರ ಬೀಳೂ ಸಾಧನ. ಇಲ್ಲಿ ಏನೂ ಸೋರಿಲ್ಲ, ಲೆಕ್ಕ ಸರಿ ಐತಿ. ಇದಕ್ಕ ಬೇಕಾದ್ದು ಓವರ್ ವೋಲ್ಟೇಜ್ ಪ್ರೊಟೆಕ್ಟರ್, ಅದು ಬ್ಯಾರೆ ಸಾಮಾನು.

ಹಾವೇರಿ ಹನಮ

ಇಷ್ಟೆಲ್ಲಾ ತಲಿ ಕೆಡಿಸಿಕೊಳ್ಳೂದ ಬ್ಯಾಡ್ರಿ. ನಮ್ಮ ಕಡೆ ನ್ಯೂಟ್ರಲ್ ಹೋದ್ರ ಅರ್ಥಿಂಗ್ ವೈರಿಗೆ ಜೋಡಿಸಿಬಿಡ್ತಾರ. ಲೈಟ್ ಹತ್ತತಾವು, ಕೆಲಸ ಆತು. ಲೈನ್‌ಮನ್ ಬರೂತನ ಕಾಯ್ಕೊಂತ ಕೂಡ್ತಾರೇನು?

ವೈರ್‌ಮನ್ ಕಾಕಾ, ಹಳೇ ಹುಬ್ಬಳ್ಳಿ

ಹನಮಾ, ಈ ಬುದ್ಧಿ ಯಾರಿಗೂ ಹೇಳಬ್ಯಾಡಪಾ. ಕೈ ಮುಗೀತೀನಿ.

ಮನೀ ಮುಂದ ತೆಗ್ಗು ತೋಡಿ ಉಪ್ಪು, ಇದ್ದಲಿ ಹಾಕಿ ಇಳಿಸಿದ ಪೈಪ್ ಅದ. ಬ್ಯಾಸಗ್ಯಾಗ ನೀರು ಹಾಕಲಾರದ ಒಣಗಿದ್ರ ಅದರ ರೆಸಿಸ್ಟನ್ಸ್ 10 ಓಮ್ ದಾಟೂದು ಏನೂ ದೊಡ್ಡ ಮಾತಲ್ಲ. ನೀ ಗೀಜರ್ ಹಚ್ಚಿದಿ ಅನ್ನು. ಸೋಲ್ಡರ್ ತಮ್ಮಾ, ಲೆಕ್ಕ ನೀ ಹೇಳು.

ವಿದ್ಯಾನಗರ ಸೋಲ್ಡರ್

26.45 ಓಮ್ ಗೀಜರ್, 10 ಓಮ್ ಭೂಮಿ, ಎರಡೂ ಸೀರೀಸ್. 230 ಭಾಗಿಸು 36.45, ಸುಮಾರು 6.3 ಆಂಪಿಯರ್. ಭೂಮಿಯ 10 ಓಮ್ ಮ್ಯಾಲೆ ಬೀಳೂದು 63 ವೋಲ್ಟ್. ಅಂದ್ರ ಮನ್ಯಾಗಿನ ಅರ್ಥ್ ವೈರ್ ಜೋಡಿಸಿದ ಪ್ರತಿ ಸಾಮಾನಿಗೂ, ಫ್ರಿಜ್ಜಿನ ಬಾಗಿಲಿಗೆ, ವಾಷಿಂಗ್ ಮಷೀನಿನ ಡಬ್ಬಿಗೆ, ಗೀಜರಿನ ನಳಕ್ಕ, 63 ವೋಲ್ಟ್. ತೊಯ್ದ ಕಾಲಾಗ ಮುಟ್ಟಿದ್ರ ಜೀವಕ್ಕ ಗಂಡಾಂತರ.

ವೈರ್‌ಮನ್ ಕಾಕಾ, ಹಳೇ ಹುಬ್ಬಳ್ಳಿ

ತಿಳೀತಿಲ್ಲೋ? ಅರ್ಥಿಂಗ್ ಇರೂದು ಕರೆಂಟ್ ದಾರಿ ತಪ್ಪಿದಾಗ ಹಿಡ್ಯಾಕ. ದಿನಾ ಓಡ್ಯಾಡಾಕ ಅಲ್ಲ.

ಇನ್ನೊಂದು, ಎಲ್ಲಾರೂ ಕೇಳ್ರಿ. ಲೈಟ್ ಹತ್ತವಲ್ವು ಅಂತ ಪ್ಲಗ್‌ಗೆ ಟೆಸ್ಟರ್ ಹಚ್ಚಿದ್ರ ಎರಡೂ ತೂತಿನ್ಯಾಗ ಟೆಸ್ಟರ್ ಹತ್ತತದ. "ಅರೆ, ಎರಡೆರಡು ಫೇಸ್ ಬಂದಾವು" ಅಂತಾರ ಮಂದಿ. ಎರಡು ಫೇಸ್ ಬಂದಿರೂದಿಲ್ಲ. ನ್ಯೂಟ್ರಲ್ ಕಡದಿರ್ತದ, ಹಚ್ಚಿಟ್ಟ ಯಾವುದೋ ಬಲ್ಬಿನೊಳಗಿಂದ ಫೇಸ್ ಹಾದು ಬಂದು ನ್ಯೂಟ್ರಲ್ ವೈರ್‌ನ್ಯಾಗ ಕುಂತಿರ್ತದ. ಅಂಥಾ ಹೊತ್ತಿನ್ಯಾಗ "ಇದು ನ್ಯೂಟ್ರಲ್, ಏನೂ ಮಾಡೂದಿಲ್ಲ" ಅಂತ ಬರಿಗೈಲೆ ಹಿಡದಾಂವ ನನ್ನ ಕಣ್ಣ ಮುಂದ ಏಣಿ ಮ್ಯಾಲಿಂದ ಬಿದ್ದಾನ.

ಹಳೇ ಮನ್ಯಾಗ ಇನ್ನೊಂದು ಕಾಟ ಅದ. ಫೇಸಿಗೂ ಒಂದು ಪಿಂಗಾಣಿ ಕಟೌಟ್, ನ್ಯೂಟ್ರಲ್‌ಗೂ ಒಂದು ಕಟೌಟ್ ಹಾಕಿ ಎರಡಕ್ಕೂ ಫ್ಯೂಸ್ ತಂತಿ ಕಟ್ಟಿರ್ತಾರ. ನ್ಯೂಟ್ರಲ್‌ನ ಫ್ಯೂಸ್ ಮೊದಲು ಹೋತಂದ್ರ ಲೈಟ್ ಎಲ್ಲಾ ಆರಿ "ಕರೆಂಟ್ ಹೋತು" ಅನಸ್ತದ, ಆದ್ರ ಹೋಲ್ಡರಿನ್ಯಾಗ ಫೇಸ್ ಹಂಗ ಕುಂತಿರ್ತದ. ನ್ಯೂಟ್ರಲ್‌ಗೆ ಫ್ಯೂಸ್ ಹಾಕಬಾರದು, ಲಿಂಕ್ (ಸುಡಲಾರದ ಗಟ್ಟಿ ಪಟ್ಟಿ) ಹಾಕಬೇಕು. ಮಾಳಮಡ್ಡಿ, ಸಾಧನಕೇರಿ ಕಡೆ ಹಳೇ ಮನ್ಯಾಗ ಇರಾವ್ರು ಒಮ್ಮೆ ಬೋರ್ಡ್ ತೋರಿಸಿಕೊಳ್ರಿ.

ಹಾವೇರಿ ಹನಮ

ಕಾಕಾ, ನಾ ಮಾಡ್ತೀನಿ ಅನಲಿಲ್ರಿ, ಮಂದಿ ಮಾಡ್ತಾರ ಅಂದೆ.

ರೊಟ್ಟಿ ಪಲ್ಯ

ಆ "ಮಂದಿ" ಯಾವಾಗಲೂ ನಮ್ಮ ಮನ್ಯಾಗನ ಇರ್ತಾರ.

ಶಿಗ್ಗಾಂವಿ ಶಾಮ್ಲಿ

ನಡುವ ಬಾಯಿ ಹಾಕ್ತೀನಿ ಅಂತ ಸಿಟ್ಟಾಗಬ್ಯಾಡ್ರಿ. ನಮ್ಮ ಮನ್ಯಾಗ ಸ್ವಿಚ್ ಬಂದ್ ಮಾಡಿದ ಮ್ಯಾಲೂ ಎಲ್‌ಇಡಿ ಬಲ್ಬ್ ಮಿಣಿಮಿಣಿ ಅಂತೈತಿ. ರಾತ್ರಿ ನಮ್ಮ ಅತ್ತಿ ಅಂಜತಾರ. ಇದೂ ನ್ಯೂಟ್ರಲ್ ಏನು?

ವೈರ್‌ಮನ್ ಕಾಕಾ, ಹಳೇ ಹುಬ್ಬಳ್ಳಿ

ಇಲ್ಲ ತಂಗೀ. ನಿಮ್ಮ ವೈರ್‌ಮನ್ ಸ್ವಿಚ್ಚನ್ನ ಫೇಸಿಗೆ ಹಾಕೂ ಬದಲಿ ನ್ಯೂಟ್ರಲ್‌ಗೆ ಹಾಕಿರಬೇಕು. ಬಂದ್ ಮಾಡಿದ್ರೂ ಹೋಲ್ಡರ್ ತನಕ ಫೇಸ್ ಬರತಿರ್ತದ. ಇಲ್ಲಾ ಸ್ವಿಚ್ಚಿನ್ಯಾಗ ಕೆಂಪು ಇಂಡಿಕೇಟರ್ ಇರಬೇಕು, ಅದರೊಳಗಿಂದ ಹಾಯೂ ಸಣ್ಣ ಕರೆಂಟೇ ಎಲ್‌ಇಡಿಗೆ ಸಾಕು. ಹಳೇ ಗುಂಡು ಬಲ್ಬಿಗೆ ಅಷ್ಟರಾಗ ಏನೂ ಆಗತಿದ್ದಿಲ್ಲ. ಇಂಡಿಕೇಟರ್ ಇಲ್ಲಾಂದ್ರ ತೋರಿಸ್ರಿ. ಯಾಕಂದ್ರ ಮುಂದ ಬಲ್ಬ್ ಬದಲ ಮಾಡಾವ್ರು "ಸ್ವಿಚ್ ಬಂದ್ ಮಾಡೀನಿ" ಅಂತ ನಂಬಿ ಹೋಲ್ಡರಿಗೆ ಕೈ ಹಾಕ್ತಾರ.

ಮಾಳಮಡ್ಡಿ ಮಾಮಾ

ಲೈನ್‌ಮನ್ ಬಂದು ಹೋದ್ರು. ಎಲ್ಲಾ ಹೇಳ್ತೀನಿ.

ಮೊದಲು ಬಾಜೂ ಮನೀ ಹುಡುಗನ ಮಲ್ಟಿಮೀಟರ್ ಹಚ್ಚಿ, ಅವರ ಮುಂದನ ಗೀಜರ್ ಹಚ್ಚಿ ಅಳದ್ವಿ. ಬಚ್ಚಲ 205, ಹಾಲ್ 244, ಮ್ಯಾಲಿನ ಖಾಲಿ ಖೋಲ್ಯಾಗೂ 244. ಅಂಕಿ ಒಂದ ಕಡೆ ನಿಲ್ಲವಲ್ದು, ಕುಣಿಯಾಕತ್ತಿತ್ತು. ಲೈನ್‌ಮನ್ ಮೀಟರ್ ಕಡೆ ನೋಡಲೂ ಇಲ್ಲ, ಸೀದಾ ಕಂಬಕ್ಕ ನೋಡಿದ್ರು. ಟಿಸಿ ಕಡೆಯಿಂದ ಲೈನ್ ಬಂದ್ ಮಾಡಿಸಿ, ಹತ್ತಿ, ನಮ್ಮ ಸರ್ವಿಸ್ ವೈರಿನ ನ್ಯೂಟ್ರಲ್ ಜಾಯಿಂಟ್ ಕತ್ತರಿಸಿ ಕೆಳಗ ಒಗದ್ರು.

ಅದನ್ನ ಕೈಯಾಗ ಹಿಡದು ನೋಡಿದೆ. ಅಲ್ಯುಮಿನಿಯಂ ಎಳಿ ಬರೇ ಕೈಲೆ ತಿರುವಿ ಸುತ್ತಿದ್ದು. ಮ್ಯಾಲೆ ಬೂದಿಯಂಥ ಬಿಳೀ ಪುಡಿ, ಒಳಗ ಎಳಿ ಒಂದೊಂದು ಕಡೆ ಇಲಿ ಕಡದಂಗ ಕಚ್ಚು ಬಿದ್ದಾವು, ಎರಡು ಎಳಿ ಸುಟ್ಟು ತುಂಡಾಗ್ಯಾವು. ಪ್ಲಾಸ್ಟಿಕ್ ಕಂದು ಬಣ್ಣಕ್ಕ ತಿರುಗಿ ಬೆರಳಿನ್ಯಾಗ ಪುಡಿ ಪುಡಿ ಆತು. ಹೊಸಾ ಕನೆಕ್ಟರ್ ಹಾಕಿ ಬಿಗದ ಮ್ಯಾಲೆ ಗೀಜರ್ ಹಚ್ಚಿದ್ರ ಬಚ್ಚಲ 227, ಹಾಲ್ 231. ಫ್ಯಾನ್ ಅಲ್ಲಾಡಲಿಲ್ಲ, ಅಂದ್ರ ವೇಗ ಬದಲಾಗಲಿಲ್ಲ.

ಸ್ಟೆಬಿಲೈಜರ್ ರೊಕ್ಕ ಉಳೀತು. ಕಾಕಾ, ಪೇಢಾ ನಮ್ಮ ಕಡಿಂದ.

ವಿದ್ಯಾನಗರ ಸೋಲ್ಡರ್

ಮಾಮಾ, ನಿಮ್ಮ ಅಂಕಿ ಬಂಗಾರ ಇದ್ದಂಗ. 230 ಇರಬೇಕಾದಲ್ಲಿ ಬಚ್ಚಲಕ್ಕ 205, ಅಂದ್ರ 25 ವೋಲ್ಟ್ ಆ ಜಾಯಿಂಟಿನ ಮ್ಯಾಲೆ ಬಿದ್ದಿತ್ತು. ಗೀಜರ್ ಕರೆಂಟ್ 205 ಭಾಗಿಸು 26.45, ಸುಮಾರು 7.75 ಆಂಪಿಯರ್. 25 ಗುಣಸು 7.75, ಹತ್ರ ಹತ್ರ 194 ವ್ಯಾಟ್. ಬೆರಳಷ್ಟು ಜಾಗಾದಾಗ 194 ವ್ಯಾಟ್ ಶಾಖ. ನನ್ನ ಸೋಲ್ಡರಿಂಗ್ ಗನ್ 25 ವ್ಯಾಟಿಂದು, ಅದಕ್ಕ ಸೀಸ ಕರಗತೈತಿ.

ಕಂಬದ ಮ್ಯಾಲೆ ಗಾಳಿಗಿತ್ತು ಅಂತ ಉಳೀತು. ಇದ ಜಾಯಿಂಟ್ ಕಟಗಿ ಬೋರ್ಡಿನ ಹಿಂದ ಇದ್ದಿದ್ರ ಬೋರ್ಡೇ ಹೊತ್ತತಿತ್ತು.

ಹಾಲ್ 255 ಯಾಕ ಆಗಲಿಲ್ಲ, 244 ಯಾಕ ಅಂತ ಯಾರರೆ ಕೇಳೂಕಿಂತ ಮೊದಲ ಹೇಳಿಬಿಡ್ತೀನಿ. ಮೂರು ಫೇಸ್ ಒಂದಕ್ಕೊಂದು 120 ಡಿಗ್ರಿ ಓರೆ ಇರ್ತಾವು, ನೇರ ಕೂಡೂದು ಕಳ್ಯೂದು ನಡ್ಯೂದಿಲ್ಲ. ತ್ರಿಕೋನ ಬಿಡಿಸಿ ನೋಡ್ರಿ, 244 ಸರಿ ಬರ್ತೈತಿ.

ಕ್ಯಾತೆ ಕಾಂತ್ಯಾ

ಬಿಡಿಸಿದೆ. 120 ಡಿಗ್ರಿ ಓರೆ ಇದ್ದ 230ರ ಒಂದು ಬದಿ 115, ಇನ್ನೊಂದು ಬದಿ 199. 115 ಕೂಡಸು 25, 140. 140ರ ವರ್ಗ, 199ರ ವರ್ಗ ಕೂಡಿಸಿ ಮೂಲ ತಗದ್ರ 243.3. ಮೊದಲನೇ ಸಲ ನೀ ಹೇಳಿದ್ದಕ್ಕ ತಕರಾರ ಇಲ್ಲ.

ಗದಗ ಗಣಿತ-ವಿಜ್ಞಾನ ಟೀಚರ್

ಇಷ್ಟೊತ್ತು ಸೀರೀಸ್ ಮಾತು ನಡೀತಲ್ಲ, ಒಂದು ಪ್ರಶ್ನೆ ಕೇಳ್ತೀನಿ. 100 ವ್ಯಾಟಿನ ಒಂದು ಗುಂಡು ಬಲ್ಬ್, 40 ವ್ಯಾಟಿನ ಒಂದು. ಎರಡನ್ನೂ ಸೀರೀಸ್ ಮಾಡಿ 230 ವೋಲ್ಟಿಗೆ ಹಚ್ಚಿದ್ರ ಯಾವುದು ಜೋರ ಉರೀತದ? ಗೂಗಲ್ ಮಾಡಬಾರದು.

ರೊಟ್ಟಿ ಪಲ್ಯ

100. ಇದನ್ನೂ ಕೇಳಬೇಕೇನ್ರಿ.

ಶಿಗ್ಗಾಂವಿ ಶಾಮ್ಲಿ

ಮೊದಲು ಕರೆಂಟ್ ಯಾವುದಕ್ಕ ಬರ್ತೈತೋ ಅದು?

ವಿದ್ಯಾನಗರ ಸೋಲ್ಡರ್

40 ವ್ಯಾಟಿಂದು. 100ಕ್ಕ 529 ಓಮ್, 40ಕ್ಕ 1322 ಓಮ್. ಸೀರೀಸ್‌ನ್ಯಾಗ ಎರಡಕ್ಕೂ ಕರೆಂಟ್ ಒಂದ, 0.124 ಆಂಪಿಯರ್. "ಮೊದಲು" ಅನ್ನೂದು ಇಲ್ಲ, ಶಾಮ್ಲಿ ಅಕ್ಕಾ, ಸರ್ಕಿಟಿನ ತುಂಬ ಕರೆಂಟ್ ಒಂದ ಇರ್ತದ. 40ಕ್ಕ ಸಿಗೂದು 20 ವ್ಯಾಟ್, 100ಕ್ಕ 8 ವ್ಯಾಟ್.

ವೈರ್‌ಮನ್ ಕಾಕಾ, ಹಳೇ ಹುಬ್ಬಳ್ಳಿ

ಉತ್ತರ ಬರೋಬ್ಬರಿ, ಅಂಕಿ ಸುಳ್ಳು. ಹಚ್ಚಿ ನೋಡೀಯೇನು? 40 ಹೆಚ್ಚುಕಡಿಮಿ ತನ್ನ ಪೂರ್ತಿ ಬೆಳಕಿನ ಹತ್ರ ಉರೀತದ. 100ರಾಗ ತಂತಿ ಒಂಚೂರು ಕೆಂಪಾದಂಗ ಕಾಣಬೇಕಂದ್ರೂ ಕತ್ತಲ ಖೋಲಿ ಬೇಕು.

ಗದಗ ಗಣಿತ-ವಿಜ್ಞಾನ ಟೀಚರ್

ಕಾಕಾ ಹೇಳೂದು ಖರೆ. ಸೋಲ್ಡರ್ ಅವರು ಬಿಸಿ ಇದ್ದಾಗಿನ ಓಮ್ ಹಿಡದು ಲೆಕ್ಕ ಮಾಡ್ಯಾರ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಥಣ್ಣಗಿದ್ದಾಗ ಅದರ ರೆಸಿಸ್ಟನ್ಸ್ ಹತ್ತರಾಗ ಒಂದು ಪಾಲೂ ಇರೂದಿಲ್ಲ. 100 ಸರಿಯಾಗಿ ಬಿಸೀ ಆಗೂದೇ ಇಲ್ಲ, ಅದಕ್ಕ ಅದರ ಓಮ್ ಕಡಿಮೀನೇ ಉಳೀತದ, ವೋಲ್ಟೇಜೆಲ್ಲಾ 40ರ ಕಡೆ ಹೋಗ್ತದ. ಓಮ್ 1827ರಾಗ ಬರದ ನಿಯಮ ತಂತಿಯ ಉಷ್ಣತೆ ಬದಲಾಗಬಾರದು ಅನ್ನೂ ಷರತ್ತಿನ ಮ್ಯಾಲೆ ನಿಂತದ. ಬಲ್ಬ್ ಆ ಷರತ್ತನ್ನೇ ಮುರೀತದ. ಬಲ್ಬ್ ಸುಡೂದು ಹೆಚ್ಚಾಗಿ ಸ್ವಿಚ್ ಹಾಕಿದ ಗಳಿಗ್ಯಾಗ ಯಾಕ ಅಂತ ಈಗ ಯಾರರೆ ಹೇಳ್ರಿ.

ಬ್ಯಾಡಗಿ ಖಾರ

ಥಣ್ಣಗಿದ್ದಾಗ ಓಮ್ ಕಡಿಮಿ, ಮೊದಲ ಗಳಿಗ್ಯಾಗ ಕರೆಂಟ್ ಹತ್ತು ಪಟ್ಟು. ಟೀಚರ್, ಟಾಕಿ ಕತಿ ಕೇಳಿದಾಂವನ ಹೇಳಿದೆ, ಕಾಂತ್ಯಾಗ ಓದಿ ಹೇಳ್ರಿ.

ವೈರ್‌ಮನ್ ಕಾಕಾ, ಹಳೇ ಹುಬ್ಬಳ್ಳಿ

ಇದ ಗುಣದ ಮ್ಯಾಲೆ ನಮ್ಮ ಹೊಟ್ಟಿ ನಡೀತದ. ಎಲ್ಲಾ ರಿಪೇರಿ ಅಂಗಡ್ಯಾಗ ಒಂದು ಸೀರೀಸ್ ಬೋರ್ಡ್ ಇರ್ತದ, 100 ವ್ಯಾಟಿನ ಬಲ್ಬ್ ಒಂದು, ಅದರ ಹಿಂದ ಪ್ಲಗ್. ಸುಟ್ಟದ ಅಂತ ತಂದ ಮಿಕ್ಸರ್‌ನ ಅದಕ್ಕ ಚುಚ್ಚತೀವಿ. ಬಲ್ಬ್ ಪೂರ್ತಿ ಉರದ್ರ ಒಳಗ ಶಾರ್ಟ್. ಮಂದ ಉರದ್ರ ಕಾಯಿಲ್ ಜೀವ ಅದ. ಉರ್ಯದೇ ಇದ್ರ ಎಲ್ಲೋ ಕಡದದ, ಮೊದಲು ಕಾರ್ಬನ್ (ಮೋಟರಿನ ಬ್ರಶ್) ನೋಡು. ಶಾರ್ಟ್ ಇದ್ರೂ ಮನೀ ಫ್ಯೂಸ್ ಹೋಗೂದಿಲ್ಲ, ಯಾಕಂದ್ರ ನಡುವ ಬಲ್ಬ್ ಕುಂತದ. ಮಲ್ಟಿಮೀಟರ್ ಈಗ ಬಂತು. ಈಗ 100ರ ಗುಂಡು ಬಲ್ಬ್ ಸಿಗೂದ ಕಷ್ಟ ಆಗೇದ, ಎಲ್‌ಇಡಿ ಹಾಕಿದ್ರ ಈ ಕೆಲಸ ಆಗೂದಿಲ್ಲ.

ರೋಣದ ರೈತ

ಎಲ್ಲಾ ಓದಿದೆ. ಮನಿಗೆ ನ್ಯೂಟ್ರಲ್ ಇಲ್ಲಂದ್ರ ಅನಾಹುತ ಅಂತೀರಿ. ನಮ್ಮ ಹೊಲದಾಗಿನ 5 ಎಚ್‌ಪಿ ಮೋಟರಿಗೆ ಮೂರ ವೈರ್, ನ್ಯೂಟ್ರಲ್ ಇಲ್ಲೇ ಇಲ್ಲ. ಅದು ಹೆಂಗ ಓಡತೈತಿ? ಕರೆಂಟ್ ಹೊಂಟಲ್ಲಿಗೆ ಮುಟ್ಟಬೇಕು ಅಂದ್ರಲ್ಲ?

ಕ್ಯಾತೆ ಕಾಂತ್ಯಾ

ಇದು ಪ್ರಶ್ನೆ ಅಂದ್ರ.

ಗದಗ ಗಣಿತ-ವಿಜ್ಞಾನ ಟೀಚರ್

ಮುಟ್ಟತದ ಅಣ್ಣಾರ, ಉಳಿದ ಎರಡು ಫೇಸಿನೊಳಗಿಂದ. ಮೋಟರಿನ ಮೂರೂ ಕಾಯಿಲ್ ಒಂದ ಅಳತಿಯವು. ಮೂರು ಫೇಸಿನ ಕರೆಂಟನ್ನ ಯಾವ ಗಳಿಗ್ಯಾಗ ಕೂಡಿಸಿದ್ರೂ ಸೊನ್ನೆ. ಒಂದರಾಗ ಬರೂದು ಉಳಿದ ಎರಡರಾಗ ವಾಪಸ್ ಹೋಗ್ತದ. ನ್ಯೂಟ್ರಲ್ ಎಳದ್ರೂ ಅದರಾಗ ಏನೂ ಹರ್ಯೂದಿಲ್ಲ. ಮನ್ಯಾಗ ಒಂದು ಫೇಸಿಗೆ ಗೀಜರ್, ಇನ್ನೊಂದಕ್ಕ ಫ್ಯಾನ್. ಹೊಂದಾಣಿಕೆ ಇಲ್ಲ, ಆ ಫರಕ್ ಹೊರಾಕ ನ್ಯೂಟ್ರಲ್ ಬೇಕು.

ರೋಣದ ರೈತ

ಹಂಗಾರ ಮೂರರಾಗ ಒಂದು ಫೇಸ್ ಹೋದ್ರ?

ರಾಣೇಬೆನ್ನೂರು ರಿವೈಂಡಿಂಗ್

ನನಗ ಕೆಲಸ ಬರ್ತೈತಿ 🙂

ಓಡೂ ಮೋಟರಿನ ಒಂದು ಫೇಸ್ ಹೋದ್ರ ಅದು ನಿಲ್ಲೂದಿಲ್ಲ. ಗುಂಯ್ ಅಂತ ಸದ್ದು ಬದಲಾಗತೈತಿ, ಉಳಿದ ಎರಡು ವೈರಿನ್ಯಾಗ ಕರೆಂಟ್ ಸುಮಾರು ಒಂದೂಮುಕ್ಕಾಲು ಪಟ್ಟು ಏರ್ತೈತಿ, ಬಿಸಿ ಮೊದಲಿನ ಮೂರು ಪಟ್ಟು. ಸ್ಟಾರ್ಟರಿನ ರಿಲೇ (ಕರೆಂಟ್ ಹೆಚ್ಚಾದ್ರ ಮೋಟರ್ ಬಂದ್ ಮಾಡೂದು) ಕೆಲಸ ಮಾಡಿದ್ರ ಬೀಳ್ತೈತಿ, ಇಲ್ಲಾ ಅಂದ್ರ ವಾರ್ನಿಶ್ ವಾಸನಿ ಬರೂತನಕ ಓಡತೈತಿ. ನಿಂತ ಮೋಟರಿಗೆ ಎರಡ ಫೇಸ್ ಬಂದ್ರ ಏಳೂದೇ ಇಲ್ಲ, ಕುಂತಲ್ಲೇ ಗುರ್ರ್ ಅಂತ ಸುಡತೈತಿ.

ಮುಚ್ಚಳ ಬಿಚ್ಚಿದ ಕೂಡ್ಲೆ ನಾವು ಹೇಳತೀವಿ. ಸ್ಟಾರ್ ಕನೆಕ್ಷನ್ (ಮೂರೂ ಕಾಯಿಲಿನ ಒಂದೊಂದು ತುದಿ ಒಂದ ಕಡೆ ಕೂಡಿಸಿದ್ದು) ಇದ್ದು ಎರಡು ಫೇಸಿನ ಕಾಯಿಲ್ ಕರ್ರಗ, ಒಂದರವು ಹೊಸದಿದ್ದಂಗ ತಾಮ್ರದ ಬಣ್ಣ ಇದ್ರ ಒಂದು ಫೇಸ್ ಹೋಗೇ ಸುಟ್ಟದ್ದು. ಡೆಲ್ಟಾ (ಕಾಯಿಲ್ ತ್ರಿಕೋನದಂಗ ಜೋಡಿಸಿದ್ದು) ಇದ್ರ ಉಲ್ಟಾ, ಒಂದು ಕರ್ರಗ, ಎರಡು ಚೊಲೋ. ಯಜಮಾನ "ನಿಮ್ಮ ವೈಂಡಿಂಗ್ ಸರಿ ಇಲ್ಲ" ಅಂತ ಜಗಳ ತಗದ್ರ ಇದನ್ನ ಕರದು ತೋರಸ್ತೀನಿ.

ರೋಣದ ರೈತ

ನಮ್ಮದು ಈ ವರ್ಷ ಸುಟ್ಟೈತಿ. ಬಿಚ್ಚಿದಾಗ ನಾ ಅಲ್ಲೇ ಇದ್ದೆ, ಮೂರೂ ಒಂದ ಸಮ ಕರ್ರಗಿದ್ವು.

ರಾಣೇಬೆನ್ನೂರು ರಿವೈಂಡಿಂಗ್

ಮೂರೂ ಸಮ ಅಂದ್ರ ಫೇಸಿನ ತಪ್ಪಲ್ಲ. ಓವರ್‌ಲೋಡ್. ಬೇರಿಂಗ್ ಹಿಡದಿರಬೇಕು, ಪಂಪಿನ್ಯಾಗ ಮಣ್ಣು ಸಿಕ್ಕಿರಬೇಕು, ಇಲ್ಲಾ ವೋಲ್ಟೇಜ್ ಭಾಳ ಇಳದಾಗ ಜಗ್ಗಿ ಓಡಿಸಿರಬೇಕು. ಯಾವುದಾದ್ರೂ ಸ್ಟಾರ್ಟರಿನ ರಿಲೇ ಬೀಳಬೇಕಿತ್ತು. ಅದರ ಮ್ಯಾಲೆ ಒಂದು ಗುಂಡಿ, ಆಂಪಿಯರ್ ಅಂಕಿ ಇರ್ತಾವು. ಎಷ್ಟಕ್ಕ ಐತಿ?

ರೋಣದ ರೈತ

ಮಗನ್ನ ಕಳಿಸಿದ್ದೆ, ಫೋಟೋ ಹಾಕ್ಯಾನ. 12ಕ್ಕ ಐತಿ.

ರಾಣೇಬೆನ್ನೂರು ರಿವೈಂಡಿಂಗ್

5 ಎಚ್‌ಪಿಗೆ ಫುಲ್ ಲೋಡ್ 7ರಿಂದ 8 ಆಂಪಿಯರ್. 12ಕ್ಕ ಇಟ್ರ ಮೋಟರ್ ಸುಟ್ಟು ಬೂದಿ ಆದ್ರೂ ರಿಲೇ ಮಲಗಿರ್ತೈತಿ. ಹಿಂದ 7.5 ಎಚ್‌ಪಿ ಇತ್ತೇನು?

ರೋಣದ ರೈತ

ಹೌದ್ರಿ. ಬೋರಿನ್ಯಾಗ ನೀರು ಕಡಿಮಿ ಆತಂತ ಸಣ್ಣದು ತಂದ್ವಿ. ಸ್ಟಾರ್ಟರ್ ಅದ ಹಳೇದು.

ರಾಣೇಬೆನ್ನೂರು ರಿವೈಂಡಿಂಗ್

ಮೋಟರಿನ ನಾಮಫಲಕದ ಮ್ಯಾಲೆ ಆಂಪಿಯರ್ ಎಷ್ಟು ಬರದೈತೋ ಅಷ್ಟಕ್ಕ ಗುಂಡಿ ತಿರುವ್ರಿ, ಒಂದು ಗೆರಿನೂ ಹೆಚ್ಚು ಬ್ಯಾಡ. ಆ ರಿಲೇ ಅಷ್ಟು ಕೆಳಗ ಇಳೀಲಿಲ್ಲಂದ್ರ ರಿಲೇ ಒಂದ ಬದಲ ಮಾಡ್ರಿ, ಸ್ಟಾರ್ಟರ್ ಪೂರಾ ಬ್ಯಾಡ. ಅಂಗಡ್ಯಾಗ 6ರಿಂದ 10ರ ರೇಂಜಿಂದು ಕೇಳ್ರಿ.

ರೋಣದ ರೈತ

ಇಳ್ಯಾಂಗಿಲ್ಲ, 9ಕ್ಕ ಮುಗೀತೈತಿ. ಶನಿವಾರ ಗದಗ ಸಂತಿಗೆ ಹೊಂಟೀನಿ, ತರ್ತೀನಿ.